ಹಿತ್ತಾಳೆ ತುಂಡಿನ ತಯಾರಕರ ಗೈರುಹಾಜರಿ ಕುರಿತು

ಇಂದ:
ಪಂಪ್ ಚಾಲಕ (ಸದ್ಯ ಬಕೆಟ್ ಎಣಿಸುವ ಕೆಲಸದ ಮೇಲೆ),
ಸ್ಟೋರ್ ಕೋಣೆ, ಪೂರ್ವ ದಂಡೆ ಅಗ್ನಿಶಾಮಕ ಠಾಣೆ.

ಗೆ:
ಮಾನ್ಯ ಅಧ್ಯಕ್ಷರು,
ಎರಡೂ ದಂಡೆಗಳ ಜಂಟಿ ತುರ್ತು ಸೇವಾ ಸಮನ್ವಯ ಪ್ರಾಧಿಕಾರ,
ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ತಮ್ಮ ಬೀರುವಿನಲ್ಲಿರುವ ಹಿತ್ತಾಳೆ ತುಂಡನ್ನು ಕರಗಿಸದೆ ಗಾಡಿಗೆ ವಾಪಸು ಕೊಡುವ ಬಗ್ಗೆ, ಹಾಗೂ ಅದರ ತಯಾರಕರಿಗೆ 19ನೇ ತಾರೀಖಿನ ವಿಚಾರಣೆಯ ಖುದ್ದು ಹಾಜರಾತಿಯಿಂದ ವಿನಾಯಿತಿ ಕೋರಿ.

ಉಲ್ಲೇಖ:
1. ತಮ್ಮ ನೋಟಿಸ್, "ಅನುಮತಿಯಿಲ್ಲದೆ ಬೆಂಕಿ ಆರಿಸಿದ ಬಗ್ಗೆ".
2. ಸದರಿ ತುಂಡಿನ ಜಪ್ತಿ ಮಹಜರು, ಸಹಿಗಳು ಒಂಬತ್ತು.
3. ತಮ್ಮ ಸಮನ್ಸ್, "ತಯಾರಕರು ಖುದ್ದು ಹಾಜರಾಗದಿದ್ದಲ್ಲಿ ಸದರಿ ತುಂಡನ್ನು ವಾರಸುದಾರರಿಲ್ಲದ ಗುಜರಿ ಎಂದು ಪರಿಗಣಿಸಿ ಕರಗಿಸಲಾಗುವುದು".

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿದಾರನು ಇಪ್ಪತ್ತೊಂದು ವರ್ಷಗಳಿಂದ ಪಂಪ್ ಚಾಲಕನಾಗಿದ್ದು, ಬೆಂಕಿಯ ಬಗ್ಗೆ ಅಷ್ಟಿಷ್ಟು ತಿಳಿದುಕೊಂಡಿರುತ್ತಾನೆ. ಕಾಗದದ ಬಗ್ಗೆ ಏನೇನೂ ತಿಳಿದುಕೊಂಡಿರುವುದಿಲ್ಲ. ಆದಕಾರಣ ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. "ನಾನು" ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆಂದು ಠಾಣೆಯ ಗುಮಾಸ್ತರು ಹೇಳಿದ್ದರಿಂದ, ಅರ್ಜಿದಾರನು ತನ್ನನ್ನು ತಾನೇ ಯಾರೋ ಪರರೆಂಬಂತೆ ನೋಡಿಕೊಂಡು ಬರೆಯುತ್ತಿದ್ದಾನೆ. ಇತ್ತೀಚೆಗೆ ಅದೇನೂ ಕಷ್ಟವಾಗುತ್ತಿಲ್ಲ.

1. ಮೊದಲಿಗೆ, ಸದರಿ ತುಂಡು ಎಂದರೇನು ಎಂಬ ಬಗ್ಗೆ. ಪೂರ್ವ ದಂಡೆಯ ಪೈಪಿನ ಬಾಯಿ ತಿರುಗಿಸಿ ಹಾಕುವಂಥದ್ದು. ಪಶ್ಚಿಮ ದಂಡೆಯ ರಸ್ತೆ ಬದಿಯಲ್ಲಿ ನಿಂತಿರುವ ನೀರಿನ ಕಂಬಗಳ, ಅಂದರೆ ಹೈಡ್ರಂಟುಗಳ, ಬಾಯಿ ಒತ್ತಿ ಸಿಕ್ಕಿಸುವಂಥದ್ದು. ಏನೇ ಮಾಡಿದರೂ ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಅಂಗೈಯಷ್ಟೇ ದೊಡ್ಡದಾದ ಸದರಿ ತುಂಡು ಒಂದು ಕಡೆ ಒತ್ತಿ ಇನ್ನೊಂದು ಕಡೆ ತಿರುಗಿಸಿದರೆ ಎರಡನ್ನೂ ಕೂಡಿಸುತ್ತದೆ. ಪ್ರಾಧಿಕಾರದ ಹೆಸರಿನಲ್ಲಿರುವ "ಸಮನ್ವಯ" ಎಂಬ ಪದಕ್ಕೂ ಇದೇ ಅರ್ಥ ಎಂದು ಗುಮಾಸ್ತರು ಹೇಳುತ್ತಾರೆ. ಅರ್ಜಿದಾರನಿಗೆ ಖಚಿತವಿಲ್ಲ.

2. ಪ್ರಾಧಿಕಾರ ಕೈಕಟ್ಟಿ ಕೂತಿತ್ತೆಂದು ಯಾರೂ ಹೇಳುವಂತಿಲ್ಲ. ಒಂಬತ್ತು ಸಭೆಗಳಾಗಿವೆ. ಜಾಕೆಟ್ಟಿನ ಬಣ್ಣ ಎರಡು ಸಭೆಗಳಲ್ಲೇ ತೀರ್ಮಾನವಾಯಿತು. ಮೂರು ವಾಟ್ಸಾಪ್ ಗುಂಪುಗಳಾದವು; ಅವುಗಳಲ್ಲಿ ಪ್ರತಿದಿನ ಬೆಳಿಗ್ಗೆ ಹೂವುಗಳು ತಪ್ಪದೆ ಬರುತ್ತವೆ. ಗೋಡೆಗೆ ಭವ್ಯವಾದ ನಕ್ಷೆ ಬಂತು. ಪ್ರತಿ ದಂಡೆಯವರೂ ತಮ್ಮ ತಮ್ಮ ಭಾಗವನ್ನಷ್ಟೇ ಬರೆದುಕೊಟ್ಟಿದ್ದರಿಂದ ಅದರಲ್ಲಿ ಸೇತುವೆಯೊಂದು ಬಿಟ್ಟುಹೋಗಿದೆ. ಪೈಪಿನ ಬಾಯಿಯ ವಿಚಾರಕ್ಕೆ ಉಪಸಮಿತಿ ನೇಮಕವಾಗಿ, ಅದು ಎರಡೂ ಬಾಯಿಗಳನ್ನು ಖುದ್ದು ವೀಕ್ಷಿಸಿ, ಎರಡರ ಪಕ್ಕದಲ್ಲೂ ನಿಂತು ಫೋಟೋ ತೆಗೆಸಿಕೊಂಡಿದೆ.

3. ಅರ್ಜಿದಾರನ ಅಕ್ಕನ ಮನೆ ಪಶ್ಚಿಮ ದಂಡೆಯಲ್ಲಿ, ಸೇತುವೆ ಇಳಿದು ಎಡಕ್ಕೆ, ಹಾಸಿಗೆ ಗೋದಾಮಿಗೆ ಅಂಟಿಕೊಂಡೇ ಇತ್ತು. ಕೆಳಗೆ ಭಾವನ ಲೋಹ ಕಡೆಯುವ ಲೇತ್ ಮೆಷಿನ್ನು, ಮೇಲೆ ಸಂಸಾರ. ಬೀದಿಯವರು ಭಾವನನ್ನು ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಅಕ್ಕ ಟೀ ಲೋಟ ಕೈಗಿತ್ತರೆ "ನಿನ್ನೆಗಿಂತ ಅರ್ಧ ಬೆರಳು ಕಮ್ಮಿ ಇದೆಯಲ್ಲ" ಎನ್ನುವ ಮನುಷ್ಯ. ಒಂದು ದಿನ ಊಟಕ್ಕೆ ಕೂತಾಗ ಅರ್ಜಿದಾರನು ಪೈಪಿನ ಕಥೆ ಹೇಳಿದನು.

"ಅಲ್ಲಯ್ಯಾ, ನಿಮ್ಮ ಪೈಪು ನಮ್ಮ ಬೀದೀಲಿ ಕೂರಲ್ಲ ಅಂದ್ಮೇಲೆ ನೀವು ಬರೋದಾದ್ರೂ ಯಾಕೆ? ನೋಡ್ಕೊಂಡು ಹೋಗೋಕಾ?" ಎಂದರು ಭಾವ.

"ಕಮಿಟಿ ಮಾಡಿದಾರೆ ಭಾವ."

"ಕಮಿಟಿ ನೀರು ಬಿಡತ್ತಾ?"

ಮರುದಿನವೇ ಅವರು ಹೈಡ್ರಂಟಿನ ಬಾಯಿ ಅಳೆದರು, ಮಂಡಿನೋವಿನ ಕಾಲೆಳೆದುಕೊಂಡು ಠಾಣೆಗೂ ಬಂದು ಪೈಪಿನ ಬಾಯಿ ಅಳೆದರು. ನಾಲ್ಕು ಭಾನುವಾರ ಲೇತ್ ಓಡಿತು. ಅಕ್ಕ ಎಮರಿ ಕಾಗದ ಹಿಡಿದು ತಿಕ್ಕಿ ತಿಕ್ಕಿ ಬೆರಳು ಸವೆಸಿಕೊಂಡಳು. ಅರ್ಜಿದಾರನು ತುಂಡನ್ನು ಊಟದ ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗತೊಡಗಿದನು.

4. ಕಳೆದ ತಿಂಗಳ 11ರ ಮಧ್ಯಾಹ್ನ ಅದೇ ಬೀದಿಯ ಲಾಂಡ್ರಿಗೆ ಬೆಂಕಿ ಬಿತ್ತು. "ಹತ್ತಿರದ ಗಾಡಿ ಮೊದಲು ಹೋಗತಕ್ಕದ್ದು" ಎಂಬ ತಮ್ಮದೇ ಸುತ್ತೋಲೆಯಂತೆ ಪೂರ್ವ ದಂಡೆಯ ಗಾಡಿ ಸೇತುವೆ ದಾಟಿ ಐದು ನಿಮಿಷದಲ್ಲಿ ತಲುಪಿತು. ಪಶ್ಚಿಮ ದಂಡೆಯವರ ಠಾಣೆ ಊರಿನ ಆ ತುದಿಯಲ್ಲಿರುವುದರಿಂದ ಅವರು ಬರುವುದು ಯಾವಾಗಲೂ ತಡ. ಗಾಡಿಯ ಟ್ಯಾಂಕು ನಾಲ್ಕೇ ನಿಮಿಷಕ್ಕೆ ಖಾಲಿ. ಆಗ ಅರ್ಜಿದಾರನು ಊಟದ ಚೀಲಕ್ಕೆ ಕೈಹಾಕಿ ತುಂಡನ್ನು ತೆಗೆದು, ಹೈಡ್ರಂಟಿಗೆ ಒತ್ತಿ, ಅದಕ್ಕೆ ಪೈಪು ತಿರುಗಿಸಿ, ನೀರು ಬಿಟ್ಟನು. ಲಾಂಡ್ರಿಯವನೂ ಅವನ ಹೆಂಡತಿಯೂ ಬದುಕಿದರು. ಅರ್ಜಿದಾರನ ಅಪರಾಧ ಇಷ್ಟು.

5. ಮೂರನೇ ದಿನ ನೋಟಿಸ್ ಬಂತು. ಅಂಗೀಕಾರವಿಲ್ಲದ ಉಪಕರಣ ಬಳಸಿದ್ದು ಒಂದು, ಎರಡು ದಂಡೆಗಳ ಸ್ವತ್ತನ್ನು ಜಂಟಿ ಅನುಮತಿಯಿಲ್ಲದೆ ಕೂಡಿಸಿದ್ದು ಇನ್ನೊಂದು, ಊಟದ ಚೀಲದಲ್ಲಿ ಊಟವಲ್ಲದ್ದನ್ನು ತಂದಿದ್ದು ಮತ್ತೊಂದು. ತುಂಡನ್ನು ಜಪ್ತಿ ಮಾಡಲು ಎರಡು ಜೀಪುಗಳಲ್ಲಿ ಅಧಿಕಾರಿಗಳು ಬಂದರು. ಅಷ್ಟು ಜನ ಲಾಂಡ್ರಿಯ ಬೆಂಕಿಗೂ ಬಂದಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಒತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು. ಪ್ರಾಧಿಕಾರವು ಯಾವುದನ್ನಾದರೂ ಅಷ್ಟು ಜತನದಿಂದ ನೋಡಿಕೊಂಡದ್ದನ್ನು ಅರ್ಜಿದಾರನು ಅದೊಂದೇ ಸಲ ಕಂಡಿರುತ್ತಾನೆ.

6. ನೋಟಿಸಿನ ಕೊನೆಯಲ್ಲಿ "ಇನ್ನೊಂದು ತುಂಡು ತಯಾರಿಸಿದಲ್ಲಿ ಕೆಲಸದಿಂದ ವಜಾ" ಎಂದಿತ್ತು. ಭಾವ ಅದನ್ನು ಓದಿ ಪಕ್ಕಕ್ಕಿಟ್ಟರು.

"ಇಟ್ಕೊಳ್ಲಿ ಬಿಡು. ಅಳತೆ ಎಲ್ಲಾ ಬರೆದಿಟ್ಟಿದೀನಿ. ಇನ್ನೊಂದು ಮಾಡ್ಕೊಡ್ತೀನಿ."

"ಬೇಡ ಭಾವ. ಕೆಲಸಕ್ಕೇ ಕುತ್ತು ಬರತ್ತೆ. ವಿಚಾರಣೆ ಮುಗೀಲಿ."

"ಬೆಂಕಿ ಅಲ್ಲೀವರೆಗೂ ಕಾಯತ್ತಂತಾ?"

ಅರ್ಜಿದಾರನು ಕೈಮುಗಿದು ಬೇಡಿಕೊಂಡನು. ಭಾವ ಲೇತಿಗೆ ಗೋಣಿ ಹೊದಿಸಿದರು. ಇಪ್ಪತ್ತೊಂದು ವರ್ಷಗಳಲ್ಲಿ ಅರ್ಜಿದಾರನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಆದೇಶ ಬೇರೊಂದಿಲ್ಲ. ಇದನ್ನು ಬರೆಯುವಾಗ ಅವನಿಗೆ ನಾಚಿಕೆಯಾಗುತ್ತದೆ. ನಾಚಿಕೆಯನ್ನು ಯಾವ ಕಲಮಿನಡಿ ನಮೂದಿಸಬೇಕೆಂದು ಗುಮಾಸ್ತರಿಗೂ ಗೊತ್ತಿಲ್ಲ.

7. ಈ ತಿಂಗಳ 6ರಂದು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಹಾಸಿಗೆ ಗೋದಾಮಿಗೆ ಬೆಂಕಿ ಬಿತ್ತು. ಅಕ್ಕ ಅಂಗಡಿಗೆ ಹೋಗಿದ್ದಳು, ಭಾವ ಮೇಲಿದ್ದರು. ಗಾಡಿ ಐದು ನಿಮಿಷಕ್ಕೆ ತಲುಪಿತು, ಟ್ಯಾಂಕು ನಾಲ್ಕು ನಿಮಿಷಕ್ಕೆ ಬರಿದಾಯಿತು. ಅಷ್ಟರಲ್ಲಿ ಬೆಂಕಿ ಅಕ್ಕನ ಮನೆಯ ಮೆಟ್ಟಿಲಿಗೂ ಹಬ್ಬಿತ್ತು, ನೀರಿಲ್ಲದೆ ಹತ್ತಲಾಗಲಿಲ್ಲ. ಏಣಿ ಕಿಟಕಿಗೆ ಮುಟ್ಟಿತು, ಕಿಟಕಿಯ ಸರಳು ಬಿಡಲಿಲ್ಲ. ಸರಳು ಕತ್ತರಿಸುವ ಯಂತ್ರವು ಹೊಸ ವ್ಯವಸ್ಥೆಯಂತೆ ಪಶ್ಚಿಮ ದಂಡೆಯ ರಕ್ಷಣಾ ತಂಡದ ಪಾಲಿಗೆ ಹೋಗಿತ್ತು. ಅವರ ಗಾಡಿ ಇನ್ನೂ ದಾರಿಯಲ್ಲಿತ್ತು.

ಭಾವ ಸರಳಿನ ಹಿಂದಿನಿಂದ ಕೂಗಿದರು. "ತುಂಡು ಎಲ್ಲೋ?"

"ಆಫೀಸಲ್ಲಿದೆ ಭಾವ."

"ಆಫೀಸಲ್ಲಿ ಏನ್ ಮಾಡ್ತಿದೆ?"

"ವಿಚಾರಣೆಗೆ ಇಟ್ಕೊಂಡಿದಾರೆ."

ಅಷ್ಟರಲ್ಲಿ ಅಕ್ಕ ಓಡಿಬರುವುದು ಅವರಿಗೆ ಕಂಡಿರಬೇಕು. "ನಿಮ್ಮಕ್ಕನ್ನ ಹಿಡ್ಕೋ, ಒಳಗೆ ಬಿಡಬೇಡ" ಎಂದರು. ಆಮೇಲೆ ಮಾತಿಲ್ಲ.

ಅರ್ಜಿದಾರನು ಒಂದು ಕೈಯಲ್ಲಿ ಅಕ್ಕನನ್ನೂ ಇನ್ನೊಂದು ಕೈಯಲ್ಲಿ ಪೈಪಿನ ಬಾಯಿಯನ್ನೂ ಹಿಡಿದು, ತುಂಬು ನೀರಿದ್ದ ಹೈಡ್ರಂಟಿನ ಪಕ್ಕದಲ್ಲಿ ಹನ್ನೊಂದು ನಿಮಿಷ ನಿಂತಿದ್ದನು. ಪಶ್ಚಿಮ ದಂಡೆಯವರು ಬಂದು ತಮ್ಮ ಪೈಪನ್ನು ಅರ್ಧ ನಿಮಿಷದಲ್ಲಿ ಸಿಕ್ಕಿಸಿದರು. ಭಾವನನ್ನು ಕೆಳಗಿಳಿಸಿದಾಗ ಜೀವ ಇರಲಿಲ್ಲ.

ಅಂದು ಸಂಜೆ ಮೂರೂ ವಾಟ್ಸಾಪ್ ಗುಂಪುಗಳಲ್ಲಿ "ಎರಡೂ ದಂಡೆಯ ಗಾಡಿಗಳು ಒಂದೇ ಸ್ಥಳದಲ್ಲಿ, ಸಮನ್ವಯಕ್ಕೆ ಮಾದರಿ" ಎಂಬ ಫೋಟೋ ಬಂತು. ಅರ್ಜಿದಾರನು ಘಟನಾ ವರದಿಯಲ್ಲಿ "ತುಂಡು ಬೀರುವಿನಲ್ಲಿತ್ತು" ಎಂದು ಬರೆದನು. ಅನವಶ್ಯಕ ವಿವರ ನಮೂದಿಸಿದ್ದಕ್ಕಾಗಿ ಅವನನ್ನು ಗಾಡಿಯಿಂದ ಇಳಿಸಿ ಸ್ಟೋರಿಗೆ ಹಾಕಲಾಗಿದೆ. ಬಕೆಟ್‌ಗಳು ನಲವತ್ತೆರಡು ಇವೆ.

8. 9ನೇ ತಾರೀಖು ತಮ್ಮ ಸಮನ್ಸ್ ಬಂತು. ತಯಾರಕರು ಯಾರ ಅಪ್ಪಣೆ ಪಡೆದು ತುಂಡು ತಯಾರಿಸಿದರು, ಅವರ ವಿದ್ಯಾರ್ಹತೆ ಏನು, ಖುದ್ದು ಬಂದು ವಿವರಿಸತಕ್ಕದ್ದು ಎಂದಿತ್ತು. ಅಕ್ಕ ಎರಡು ಸಲ ಓದಿದಳು.

"ಇವರಿಗೆ ಗೊತ್ತಿಲ್ವೇನೋ?"

"ಬೆಂಕಿ ಫೈಲು ಒಂದು ಟೇಬಲ್ಲು, ತುಂಡಿನ ಫೈಲು ಇನ್ನೊಂದು ಟೇಬಲ್ಲು ಅಕ್ಕ."

"ಎರಡು ಟೇಬಲ್ಲೂ ಅಷ್ಟು ದೂರಾನಾ?"

"ಎದುರುಬದುರು."

ಅಕ್ಕ ನಗಲಿಲ್ಲ. ಅವಳೀಗ ಅದೇ ಬೀದಿಯಲ್ಲಿ, ಅದೇ ಹೈಡ್ರಂಟಿನ ಎದುರು, ಒಂದು ಕೋಣೆಯಲ್ಲಿದ್ದಾಳೆ. ಗೋದಾಮಿನವರು ಹೊಸ ಹಾಸಿಗೆಗಳನ್ನು ತಂದು ಪೇರಿಸುತ್ತಿದ್ದಾರೆ. ಬೀದಿಯಲ್ಲಿ ನಲವತ್ತು ಮನೆಗಳಿವೆ. ತುಂಡು ಒಂದೇ ಇದೆ, ಅದನ್ನು ಮಾಡುವ ಕೈ ಈಗ ಇಲ್ಲ. ಲೇತೂ ಸುಟ್ಟುಹೋಗಿದೆ. "ಅದನ್ನ ಬಿಡಿಸ್ಕೊಂಡು ಬಂದ್ರೆ ನನ್ ಕೈಗೆ ಕೊಡಬೇಡ, ಗಾಡಿಗೆ ಹಾಕು" ಎಂದು ಅಕ್ಕ ಹೇಳಿರುತ್ತಾಳೆ.

ಆದ್ದರಿಂದ, ಮೇಲ್ಕಾಣಿಸಿದ ಕಾರಣಗಳನ್ನು ಪರಿಶೀಲಿಸಿ, ತಯಾರಕರಿಗೆ ಹಾಜರಾತಿಯಿಂದ ವಿನಾಯಿತಿ ಕೊಡಬೇಕಾಗಿ ಪ್ರಾರ್ಥನೆ. ಪುರಾವೆ ಬೇಕಿದ್ದಲ್ಲಿ ದಯಮಾಡಿ ಎದುರಿನ ಟೇಬಲ್ಲಿನವರನ್ನು ಕೇಳಿಕೊಳ್ಳಬಹುದು. ತುಂಡನ್ನು ಕರಗಿಸದೆ ಗಾಡಿಗೆ ಕೊಡಬೇಕು. ಸಾಕ್ಷ್ಯವಾಗಿ ಏನಾದರೊಂದು ಬೀರುವಿನಲ್ಲಿ ಇರಲೇಬೇಕೆಂದಿದ್ದರೆ, ಅದರ ಬದಲಿಗೆ ಅರ್ಜಿದಾರನು ತಾನೇ ಬಂದು ಒಳಗೆ ಕೂರಲು ಸಿದ್ಧನಿದ್ದಾನೆ. ಮೊಹರು ಎಲ್ಲಿ ಬೇಕಾದರೂ ಒತ್ತಬಹುದು.

ತಮ್ಮ ವಿಶ್ವಾಸಿ ಎಂದು ಬರೆಯುವುದು ಪದ್ಧತಿಯಾದ್ದರಿಂದ ಹಾಗೆಯೇ,

ಪೂರ್ವ ದಂಡೆ ಠಾಣೆಯ ಪಂಪ್ ಚಾಲಕ

ಅಡಕಗಳು:
1. ಭಾವನ ಕೈಬರಹದ ಅಳತೆ ಪಟ್ಟಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ನಕಲು ಮಾತ್ರ, ಅಸಲು ಕೊಡುವುದಿಲ್ಲ.
2. ಮರಣ ಪ್ರಮಾಣಪತ್ರ, ಎರಡು ಪ್ರತಿ, ಟೇಬಲ್ಲಿಗೊಂದರಂತೆ.

ವಿಶೇಷ ಸೂಚನೆ: 19ರಂದು ತಯಾರಕರ ಬದಲಿಗೆ ಅಕ್ಕ ಮೂರು ಮಹಡಿ ಹತ್ತಿ ಬರುತ್ತಾಳೆ. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾಳೆ. ಅದಕ್ಕೆ ಮುಂಚೆ ಮೇಜಿನ ಮೇಲೆ ಪೂರ್ವ ದಂಡೆಯ ಪೈಪೊಂದನ್ನೂ ಪಶ್ಚಿಮ ದಂಡೆಯ ಹೈಡ್ರಂಟ್ ಬಾಯಿಯೊಂದನ್ನೂ ಇಡಿಸಿರಬೇಕು. ತುಂಡನ್ನು ಮುಟ್ಟದೆ ಮಾನ್ಯ ಅಧ್ಯಕ್ಷರು ಅವೆರಡನ್ನೂ ತಮ್ಮ ಕೈಯಾರೆ ಜೋಡಿಸಿ ತೋರಿಸಬೇಕು. ಅಕ್ಕ ಹನ್ನೊಂದು ನಿಮಿಷ ಕಾಯುತ್ತಾಳೆ. ಅಷ್ಟು ಹೊತ್ತು ಸಭೆಯಲ್ಲಿ ಯಾರೂ ಕುರ್ಚಿ ಬಿಟ್ಟು ಏಳಬಾರದೆಂದು ವಿನಂತಿ.