ಖಾಲಿ ಬಿಟ್ಟ ಪಾತಿ

ಭಾನುವಾರ ಊಟವಾದ ಮೇಲಿನ ನಿದ್ದೆಯೊಂದು ನನ್ನ ಪಾಲಿಗೆ ಉಳಿದಿದ್ದ ಏಕೈಕ ಆಸ್ತಿ. ಅದನ್ನೂ ಕೈಯಾರೆ ಕಳೆದುಕೊಂಡೆ. ಕಾರಣ, ಮೂಲಂಗಿ.

ಹಿತ್ತಲು ನನ್ನ ಹೆಂಡತಿಯ ಸಾಮ್ರಾಜ್ಯ. (ಮನೆಯ ಒಳಗೂ ಅವಳದ್ದೇ, ಆದರೆ ಅದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ.) ಹೂಕೋಸು ಕಿತ್ತಾಗಿತ್ತು. ಅದರ ಜಾಗಕ್ಕೆ ಬರಬೇಕಿದ್ದ ಟೊಮೇಟೊ ಸಸಿಗಳು ಕಿಟಕಿಯ ಬಳಿ, ಒಡೆದ ಬಕೆಟ್ಟಿನಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದವು. ಅಲ್ಲಿಯವರೆಗೆ ಪಾತಿಗಳು ಖಾಲಿ.

"ನೆಲ ಸುಮ್ನೆ ಬಿದ್ದಿದೆಯಲ್ಲೇ! ಬೇಗ ಬರೋ ಮೂಲಂಗಿ ಹಾಕಿದ್ರೆ, ಟೊಮೇಟೊ ನೆಡೋದ್ರೊಳಗೆ ಕಿತ್ತು ತಿಂದೂ ಮುಗಿಸಬಹುದು" ಎಂದೆ.

"ಮಣ್ಣು ಸ್ವಲ್ಪ ಸುಧಾರಿಸ್ಕೊಳ್ಳಲಿ ಬಿಡ್ರೀ."

"ಮಣ್ಣಿಗೇನು ಸುಸ್ತು? ಸುಮ್ನೆ ಬಿಟ್ರೆ ಕಳೆ ಬೆಳೆಯುತ್ತೆ!" ಎಂದು ಘನಗಂಭೀರವಾಗಿ ಸಾರಿದೆ. ಬಾಗಿಲ ಬಳಿ ಬಟ್ಟೆ ಮಡಿಸುತ್ತಿದ್ದ ನಮ್ಮತ್ತೆ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಮಡಿಸತೊಡಗಿದರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಬೀಜವನ್ನು ಇಷ್ಟಿಷ್ಟೇ, ವಾರ ಬಿಟ್ಟು ವಾರ ಬಿತ್ತಬೇಕಂತೆ. ನಾನು ಪೊಟ್ಟಣವನ್ನೇ ಒಂದು ಸಲಕ್ಕೆ ಕೊಡವಿಬಿಟ್ಟೆ. ಅವೂ ಅಷ್ಟೇ ನಿಯತ್ತಿನಿಂದ ಎಲ್ಲ ಒಟ್ಟಿಗೇ ಬಲಿತವು. ಬೇಯಿಸಿ ತಿಂದೆವು, ಹುರಿದು ತಿಂದೆವು, ಹಸಿಯಾಗಿ ತಿಂದೆವು. ಕೊನೆಗೆ ಮನೆಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂರುವುದನ್ನೇ ಬಿಟ್ಟೆವು. ಹಂಚಲು ನಾನು ಮೂಲಂಗಿ ಚೀಲ ಹಿಡಿದು ಹೊರಟರೆ ಪಕ್ಕದ ಮನೆಯ ಟೈಲರ್ ಬಾಗಿಲು ಹಾಕಿಕೊಳ್ಳುತ್ತಿದ್ದ. ಅತ್ತ ಟೊಮೇಟೊ ಸಸಿಗಳು ಬಕೆಟ್ಟಿನಲ್ಲಿ ಜಾಗ ಸಾಲದೆ ಸೊರಗಿ ಕತ್ತು ಬಗ್ಗಿಸಿದ್ದವು.

"ನನ್ನ ಸಸಿ ಸತ್ರೆ ನೋಡಿ ಮತ್ತೆ!" ಎಂದಳು ಹೆಂಡತಿ. ಏನು ನೋಡಬೇಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಶನಿವಾರವಿಡೀ ಕುಕ್ಕರಗಾಲಿನಲ್ಲಿ ಕೂತು ಮೂಲಂಗಿ ಕಿತ್ತೆ. ಸೊಂಟ ನನ್ನದೋ ಬೇರೆಯವರದೋ ತಿಳಿಯದಂತಾಯಿತು. ಸಸಿಗಳೇನೋ ಪಾತಿ ಸೇರಿ ಬದುಕಿಕೊಂಡವು. ಭಾನುವಾರ ಊಟ ಮುಗಿಸಿ, ಅಬ್ಬಾ ಎಂದು ಮಂಚದ ಮೇಲೆ ಒರಗಿದೆ. ಎದುರಿಗೆ ಹೆಂಡತಿ, ಕೈಯಲ್ಲಿ ಪೊರಕೆ.

"ರೀ, ಊಟ ಆಯ್ತು, ಕಾಫಿಗೆ ಇನ್ನೂ ಹೊತ್ತಿದೆ. ನಡುವೆ ಸುಮ್ನೆ ಬಿದ್ದಿದೆಯಲ್ಲ, ಬೇಗ ಮುಗಿಯೋ ಅಂಥದ್ದು ಏನಾದ್ರೂ ಹಾಕೋಣ ಅಂತ. ಅಟ್ಟ ಗುಡಿಸಿ."

"ಸುಸ್ತಾಗಿದೆ ಕಣೇ. ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡು."

"ಸುಮ್ನೆ ಬಿಟ್ರೆ ಕಳೆ ಬೆಳೆಯುತ್ತೆ ಅಂತ ನೀವೇ ಹೇಳಿದ್ರಲ್ಲ ಅಳಿಯಂದ್ರೇ" ಎಂದರು ಅತ್ತೆ, ಬಟ್ಟೆ ಮಡಿಸುತ್ತಲೇ.

ಅಟ್ಟ ಗುಡಿಸಿದೆ. ಅಲ್ಲಿಗೇ ಮುಗಿಯಲಿಲ್ಲ. ಈಗ ಸ್ನಾನಕ್ಕೂ ತಿಂಡಿಗೂ ನಡುವೆ ನೀರು ತುಂಬಿಸುತ್ತೇನೆ, ಆಫೀಸಿಗೂ ಊಟಕ್ಕೂ ನಡುವೆ ಇಸ್ತ್ರಿ ಹಾಕುತ್ತೇನೆ. ನನ್ನ ದಿನದಲ್ಲಿ ಒಂದಂಗುಲ ಜಾಗ ಖಾಲಿಯಿಲ್ಲ. ಹಿತ್ತಲ ಮೂಲೆಯಲ್ಲಿ ಮಾತ್ರ ಒಂದು ಪಾತಿಯಲ್ಲಿ ಅವಳು ಏನೂ ನೆಡದೆ, ಮೇಲೆ ಒಣಹುಲ್ಲು ಹೊದಿಸಿ ಬಿಟ್ಟಿದ್ದಾಳೆ.

"ಪಾಪ, ಅಷ್ಟೊಂದು ಮೂಲಂಗಿ ಹೆತ್ತು ಸುಸ್ತಾಗಿದೆ. ಆರಾಮಾಗಿ ಮಲ್ಕೊಳ್ಳಲಿ" ಎನ್ನುತ್ತಾಳೆ.

ಕೊಡ ಹೊತ್ತು ಅದರ ಪಕ್ಕ ಹಾದುಹೋಗುವಾಗಲೆಲ್ಲ ನನಗೆ ಆ ಮಣ್ಣಿನ ಮೇಲೆ ವಿಪರೀತ ಹೊಟ್ಟೆಕಿಚ್ಚಾಗುತ್ತದೆ.