ಮುಖ್ಯ ಎಂಜಿನಿಯರರ ಸೊಂಟ ಮತ್ತು ಕಚೇರಿ ಕಾರಿನ ಸ್ಪ್ರಿಂಗು

ನಮ್ಮ ರಸ್ತೆ ನಿರ್ವಹಣಾ ಕಚೇರಿಯ ನಿಯಮಾವಳಿಯ ಪ್ರಕಾರ, ಯಾವುದೇ ರಸ್ತೆಯ ಗುಣಮಟ್ಟವನ್ನು ಅಳೆಯುವ ಏಕೈಕ ಅಧಿಕೃತ ಸಾಧನವೆಂದರೆ ಮುಖ್ಯ ಎಂಜಿನಿಯರರ ಸೊಂಟ. ಸಾಹೇಬರು ಕಚೇರಿಯ ಪುಟ್ಟ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರತಕ್ಕದ್ದು. ಡ್ರೈವರನು ಸದರಿ ರಸ್ತೆಯ ಮೇಲೆ ಕಾರು ಓಡಿಸತಕ್ಕದ್ದು. ಸಾಹೇಬರ ಬಾಯಿಂದ "ಆಹಾ" ಎಂದು ಬಂದರೆ ರಸ್ತೆ ಚೆನ್ನಾಗಿದೆ ಎಂದೂ, "ಅಯ್ಯೋ" ಎಂದು ಬಂದರೆ ಕೆಟ್ಟಿದೆ ಎಂದೂ ಹಿರಿಯ ಗುಮಾಸ್ತನು ದಾಖಲಿಸತಕ್ಕದ್ದು. ಆ ಹಿರಿಯ ಗುಮಾಸ್ತ ನಾನೇ. ಕಣ್ಣು ಯಾಕೆ ಮುಚ್ಚಬೇಕು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುವುದುಂಟು. ಕಣ್ಣು ಬಿಟ್ಟರೆ ತೀರ್ಮಾನದಲ್ಲಿ ಪಕ್ಷಪಾತ ನುಸುಳುತ್ತದೆ.

ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಕಾರಿಗೆ ವಯಸ್ಸಾಯಿತು. ಸ್ಪ್ರಿಂಗುಗಳು ಕುಸಿದವು, ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿಹೋಯಿತು. ಸಾಹೇಬರು ಊರಿನ ಎಲ್ಲ ರಸ್ತೆಗಳಲ್ಲೂ "ಅಯ್ಯೋ" ಎನ್ನತೊಡಗಿದರು. ಒಮ್ಮೆ ಕಾರು ಹೊರಡುವ ಮೊದಲೇ ಎಂದುಬಿಟ್ಟರು. ಮೇಲಿನ ಕಚೇರಿಯಿಂದ ಪತ್ರ ಬಂತು: ನಿಮ್ಮ ವ್ಯಾಪ್ತಿಯಲ್ಲಿ ಒಂದಾದರೂ ಒಳ್ಳೆಯ ರಸ್ತೆ ಇಲ್ಲವೆ? ಕೂಡಲೇ ಸರಿಪಡಿಸಿ ವರದಿ ಮಾಡಿ.

ಸಭೆ ಸೇರಿತು. ಸರಿಪಡಿಸುವುದು ಏನನ್ನು ಎಂಬ ಪ್ರಶ್ನೆ ಎದ್ದಿತು. ರಸ್ತೆಗಳು ಬಹಳ ಇವೆ, ಕಾರು ಒಂದೇ ಇದೆ. ಆದ್ದರಿಂದ ಕಾರನ್ನು ಸರಿಪಡಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸಾಹೇಬರ ಹೆಂಡತಿಯ ತಮ್ಮ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದದ್ದು ಕಚೇರಿಯ ಅದೃಷ್ಟ.

ಆತ ಬಂದು ಕಾರಿನ ಕೆಳಗೆ ತೂರಿ ಹೊರಬಂದ. ಕೈ ಒರೆಸಿಕೊಳ್ಳುತ್ತಾ ಕೇಳಿದ: "ಭಾವ, ಮೆತ್ತಗೆ ಬೇಕಾ, ಗಟ್ಟಿ ಬೇಕಾ?"

"ಅಂದ್ರೆ?"

"ಮೆತ್ತನೆ ಸ್ಪ್ರಿಂಗ್ ಹಾಕಿದ್ರೆ ತೊಟ್ಟಿಲಲ್ಲಿ ಮಲಗಿದ ಹಾಗಿರುತ್ತೆ, ಆದರೆ ತಿರುವಿನಲ್ಲಿ ಕಾರು ವಾಲುತ್ತೆ. ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತೆ, ಆದರೆ ಚಕ್ರಕ್ಕೆ ಕಡಲೆ ಸಿಕ್ಕಿದ್ರೂ ನಿಮಗೆ ಗೊತ್ತಾಗುತ್ತೆ."

"ಎರಡೂ ಬೇಕು."

"ಎರಡೂ ಬೇಕಂದ್ರೆ ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕಾಗುತ್ತೆ, ಭಾವ."

"ಬಿಟ್ಟುಕೊಡೋ ಪದ್ಧತಿ ನಮ್ಮ ಕಚೇರಿಯಲ್ಲಿಲ್ಲ," ಎಂದರು ಸಾಹೇಬರು. "ಮೆತ್ತಗೇ ಹಾಕು."

ಮೆತ್ತಗೆ ಹಾಕಿದ. ಮರುದಿನ ಆಸ್ಪತ್ರೆ ರಸ್ತೆಗೆ ಹೋದೆವು. ಆ ರಸ್ತೆಯಲ್ಲಿ, ಆಸ್ಪತ್ರೆಯ ಗೇಟಿನ ಎದುರಿಗೇ, ಒಂದು ಹಳ್ಳವಿತ್ತು. ಎಮ್ಮೆ ಮಲಗುವಷ್ಟು ದೊಡ್ಡದು. ಕಾರು ಹಳ್ಳಕ್ಕಿಳಿದು ಎದ್ದಿತು. ದೋಣಿಯ ಹಾಗೆ ತೂಗಿತು. ಹಿಂದಿನಿಂದ "ಆಹಾ" ಎಂಬ ಸದ್ದು ಬಂತು. ಬರೆದುಕೊಂಡೆ. ಸಂಜೆಯೊಳಗೆ ಊರಿನ ರಸ್ತೆಗಳೆಲ್ಲ ಚೆನ್ನಾದವು. ಆಸ್ಪತ್ರೆಯ ಗೇಟಿನ ಎದುರು "ಈ ರಸ್ತೆಯನ್ನು ಉತ್ತಮಪಡಿಸಲಾಗಿದೆ" ಎಂದು ಫಲಕ ನೆಟ್ಟೆವು. ಫಲಕ ನೆಡಲು ಬೇರೆ ಗುಂಡಿ ತೋಡುವ ಶ್ರಮ ತಪ್ಪಲೆಂದು ಹಳ್ಳದ ಅಂಚಿನಲ್ಲೇ ನೆಟ್ಟೆವು.

ಅದರ ಮಾರನೆಯ ದಿನ ಮೊಟ್ಟೆಯಕ್ಕ ಬಂದಳು. ಆಕೆ ಮೂರು ಚಕ್ರದ ತುಳಿಯುವ ಗಾಡಿಯಲ್ಲಿ ಆಸ್ಪತ್ರೆಯ ಅಡುಗೆಮನೆಗೆ ಮೊಟ್ಟೆ ತಂದುಕೊಡುವವಳು. ಊರೆಲ್ಲ ಅವಳನ್ನು ಕರೆಯುವುದೇ ಹಾಗೆ. ಸೆರಗಿನ ಮೇಲೆ ಹಳದಿ ಲೋಳೆ ಇನ್ನೂ ಒಣಗಿರಲಿಲ್ಲ.

"ಸಾರ್, ನಿಮ್ಮ ಫಲಕ ಓದ್ತಾ ಓದ್ತಾ ಹಳ್ಳಕ್ಕೆ ಬಿದ್ದೆ. ಅರ್ಧ ಮೊಟ್ಟೆ ಹೋಯ್ತು. ಅಡುಗೆಮನೆ ಮೇಲ್ವಿಚಾರಕರು ಇನ್ನೊಂದು ಸಲ ಒಡೆದದ್ದು ತಂದ್ರೆ ಬರಲೇಬೇಡ ಅಂದಿದ್ದಾರೆ. ನಮ್ಮ ಮನೆ ಒಲೆ ಉರಿಯೋದೇ ಇದರಿಂದ ಸಾರ್."

ಸಾಹೇಬರು ಕಲ್ಲುಹೃದಯದವರಲ್ಲ. "ಪರೀಕ್ಷೆ ಮಾಡೇ ಬಿಡೋಣಮ್ಮ," ಎಂದು ಒಂದು ತಟ್ಟೆ ಮೊಟ್ಟೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಹಳ್ಳ ದಾಟಿ ಬಂದರು. ಒಂದೂ ಒಡೆಯಲಿಲ್ಲ. ಪ್ರಯೋಗದಿಂದ ರಸ್ತೆಯಲ್ಲಿ ದೋಷವಿಲ್ಲವೆಂದು ಸಾಬೀತಾದ್ದರಿಂದ ದೋಷ ಮೊಟ್ಟೆಯದೇ ಎಂದಾಯಿತು. ಮೊಟ್ಟೆಗಳು ತಮ್ಮ ಚಿಪ್ಪಿನ ಗಟ್ಟಿತನವನ್ನು ಕೂಡಲೇ ಸುಧಾರಿಸಿಕೊಳ್ಳತಕ್ಕದ್ದೆಂದು ನೋಟಿಸು ಹೊರಡಿಸಿ, ಪ್ರತಿಯನ್ನು ಮೊಟ್ಟೆಯಕ್ಕನಿಗೆ ಕೊಟ್ಟೆವು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕೋಳಿಗೆ ಓದಿ ಹೇಳ್ಲಾ ಸಾರ್?"

"ಸ್ವೀಕರಿಸಿದ್ದಕ್ಕೆ ಅದರ ಗುರುತು ಹಾಕಿಸಿಕೊಂಡು ಬನ್ನಿ," ಎಂದೆ.

ಮೆತ್ತನೆ ಸ್ಪ್ರಿಂಗಿನ ಸುಖ ಬಹಳ ದಿನ ಉಳಿಯಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ರಸ್ತೆ ಕುಡುಗೋಲಿನಂತೆ ತಿರುಗುತ್ತದೆ. ಡ್ರೈವರ್ ಸ್ಟೇರಿಂಗ್ ತಿರುಗಿಸಿದ. ಚಕ್ರಗಳು ತಿರುಗಿದವು, ಆದರೆ ಕಾರಿನ ಮೈಗೆ ಆ ಸುದ್ದಿ ತಲುಪುವುದು ತಡವಾಯಿತು. ಸಾಹೇಬರು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಜಾರಿದರು. ಕಾರು ವಾಲಿಕೊಂಡು ಹೋಗಿ ದರ್ಜಿಯ ಅಂಗಡಿಯ ಮೆಟ್ಟಿಲೇರಿ ನಿಂತಿತು. ದರ್ಜಿ ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡರಿಸಿ, "ಅಳತೆ ಕೊಡೋಕೆ ಬಂದ್ರಾ?" ಎಂದು ಕೇಳಿದ.

ಡ್ರೈವರ್ ಕಾರಿನಿಂದ ಇಳಿದು ಅದೇ ಮೆಟ್ಟಿಲ ಮೇಲೆ ಕೂತ. "ಸಾರ್, ನಂಗೆ ಇಬ್ಬರು ಹೆಣ್ಣುಮಕ್ಕಳು," ಎಂದಷ್ಟೇ ಹೇಳಿದ. ಸಾಹೇಬರ ಹೆಂಡತಿ ಮನೆಯಲ್ಲಿ ಇನ್ನೂ ಸ್ಪಷ್ಟವಾಗಿ ಮಾತಾಡಿದರಂತೆ. ಬೈಗುಳ ಗಂಡನಿಗೂ ತಮ್ಮನಿಗೂ ಸಮನಾಗಿ ಬಿದ್ದಿತು.

ಭಾವಮೈದುನ ಗಟ್ಟಿ ಸ್ಪ್ರಿಂಗು ಹಾಕಿದ. ಕಾರು ಟ್ಯಾಂಕಿನ ತಿರುವಿನಲ್ಲಿ ಹಳಿಯ ಮೇಲೆ ಓಡಿದಂತೆ ಓಡಿತು. ಡ್ರೈವರನ ಮುಖದಲ್ಲಿ ನಗು ಕಂಡಿತು. ಆದರೆ ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲೂ ಸಾಹೇಬರ ಟೊಪ್ಪಿಗೆ ಕಾರಿನ ಚಾವಣಿಗೆ ತಗುಲುತ್ತಿತ್ತು. ಆಸ್ಪತ್ರೆಯ ಹಳ್ಳದಲ್ಲಿ, ಮತ್ತೆ ಪರೀಕ್ಷೆಗೆಂದು ತೊಡೆಯ ಮೇಲಿಟ್ಟುಕೊಂಡಿದ್ದ ಮೊಟ್ಟೆಯೆಲ್ಲ ಒಡೆದು ಪ್ಯಾಂಟಿನೊಳಕ್ಕೆ ಇಳಿದಾಗ ಅವರು ಕೂಗಿದ "ಅಯ್ಯೋ" ಆಸ್ಪತ್ರೆಯ ಒಳರೋಗಿಗಳಿಗೂ ಕೇಳಿತು. ಮೊಟ್ಟೆಯಕ್ಕ ಫುಟ್‌ಪಾತಿನಲ್ಲಿ ನಿಂತು, "ಈಗ ಗೊತ್ತಾಯ್ತಲ್ಲ ಸಾರ್!" ಎಂದು ಚಪ್ಪಾಳೆ ತಟ್ಟಿದಳು.

ಈ "ಅಯ್ಯೋ"ವನ್ನು ಮೇಲಿನ ಕಚೇರಿಗೆ ಕಳಿಸಿದ್ದೇ ತಡ, ದುರಸ್ತಿಗೆ ಅನುದಾನ ಬಂತು. ಯಾರೂ ಊಹಿಸದ ಬೆಳವಣಿಗೆ ಇದು. ಸಾಹೇಬರು ಆ ಪತ್ರವನ್ನು ಓದಿ, ಕನ್ನಡಕ ತೆಗೆದು, ಕಿಟಕಿಯಾಚೆ ನಿಂತ ಕಾರನ್ನು ಪ್ರೀತಿಯಿಂದ ನೋಡಿದರು.

"ಗುಮಾಸ್ತರೇ, ಗಟ್ಟಿ ಇದ್ರೆ ಅನುದಾನ ಬರುತ್ತೆ. ಮೆತ್ತಗಿದ್ರೆ?"

"ಕೆಲಸ ಮುಗಿದಿದೆ ಅಂತ ಪ್ರಮಾಣಪತ್ರ ಬರುತ್ತೆ ಸಾರ್."

"ಎರಡರ ನಡುವೆ ರಸ್ತೆಗೆ ಏನಾದ್ರೂ ಮಾಡಬೇಕಾ?"

ನಿಯಮಾವಳಿ ತೆಗೆದು ನೋಡಿದೆವು. ಮಾಡಬೇಕೆಂದು ಎಲ್ಲೂ ಇರಲಿಲ್ಲ.

ಭಾವಮೈದುನ ಈಗ ತಿರುಪು ಇರುವ ಶಾಕ್ ಅಬ್ಸಾರ್ಬರನ್ನು ತಂದು ಜೋಡಿಸಿದ. ಸ್ಪ್ರಿಂಗು ಭಾರ ಹೊರುವಂಥದ್ದಂತೆ, ಅದು ಕುಣಿಯದಂತೆ ಹಿಡಿಯುವುದು ಇದಂತೆ; ತಿರುಪನ್ನು ಎಡಕ್ಕೆ ತಿರುಗಿಸಿದರೆ ಹಿಡಿತ ಸಡಿಲ, ಬಲಕ್ಕೆ ತಿರುಗಿಸಿದರೆ ಬಿಗಿ. ಅನುದಾನ ಕೇಳುವ ಮುನ್ನ ಬಲಕ್ಕೆ, ಬಂದ ಮೇಲೆ ಎಡಕ್ಕೆ ಎಂದು ಸುತ್ತೋಲೆ ಹೊರಟಿತು. ಆಸ್ಪತ್ರೆ ರಸ್ತೆ ಒಂದೇ ವರ್ಷದಲ್ಲಿ ಹಲವು ಬಾರಿ ಕೆಟ್ಟು, ಅಷ್ಟೇ ಬಾರಿ ದುರಸ್ತಿಯಾಯಿತು. ಹಳ್ಳವನ್ನು ಯಾರೂ ಮುಟ್ಟಲಿಲ್ಲ. ಸಾಹೇಬರ ಕೊಠಡಿಗೆ ಸೋಫಾ ಬಂತು. ಭಾವಮೈದುನನ ಅಂಗಡಿಗೆ ಮಹಡಿ ಬಂತು. ಮೊಟ್ಟೆಯಕ್ಕ ಹಳ್ಳದ ಹತ್ತಿರ ಗಾಡಿಯಿಂದ ಇಳಿದು, ಮೊಟ್ಟೆಯ ತಟ್ಟೆಗಳನ್ನು ಒಂದೊಂದಾಗಿ ಕೈಯಲ್ಲಿ ಹೊತ್ತು ಆಚೆ ಇಟ್ಟು, ಖಾಲಿ ಗಾಡಿ ದಾಟಿಸಿ, ಮತ್ತೆ ತುಂಬಿಕೊಳ್ಳುತ್ತಿದ್ದಳು. ಅಡುಗೆಮನೆಗೆ ದಿನವೂ ತಡವಾಗುತ್ತಿತ್ತು.

ಒಂದು ಬೆಳಿಗ್ಗೆ ಅವಘಡವಾಯಿತು. ಭಾವಮೈದುನ ತಿರುಪನ್ನು ಬಲದಿಂದ ಎಡಕ್ಕೆ ತಿರುಗಿಸುತ್ತಿದ್ದಾಗ ಅಕ್ಕನ ಫೋನ್ ಬಂತು. ಅವನು ಅರ್ಧದಲ್ಲೇ ಬಿಟ್ಟು ಎದ್ದುಹೋದ. ಯಾರೂ ಗಮನಿಸಲಿಲ್ಲ.

ಕಾರು ಹೊರಟಿತು. ಟ್ಯಾಂಕಿನ ತಿರುವಿನಲ್ಲಿ ವಾಲಲಿಲ್ಲ. ಒಳ್ಳೆಯ ರಸ್ತೆಯಲ್ಲಿ ಕುಲುಕಲಿಲ್ಲ. ಡ್ರೈವರ್ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಗುನುಗತೊಡಗಿದ. ಹಿಂದಿನಿಂದ "ಆಹಾ"ವೂ ಇಲ್ಲ, "ಅಯ್ಯೋ"ವೂ ಇಲ್ಲ. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಆಸ್ಪತ್ರೆಯ ಗೇಟಿನ ಎದುರು ಕಾರು ಒಮ್ಮೆ ಧಡ್ ಎಂದಿತು, ಸುಮ್ಮನಾಯಿತು. ಸಾಹೇಬರು ಕಣ್ಣು ಬಿಟ್ಟರು.

"ನಿಲ್ಲಿಸಯ್ಯಾ," ಎಂದರು. ಇಳಿದರು. ನೋಡಿದರು. ಆಗ ಮೊಟ್ಟೆಯಕ್ಕ ಒಂದು ತಟ್ಟೆಯನ್ನು ಎದೆಗೊತ್ತಿಕೊಂಡು ಹಳ್ಳದ ಅಂಚಿನಲ್ಲಿ ನಡೆಯುತ್ತಿದ್ದಳು.

"ಗುಮಾಸ್ತರೇ, ಇಲ್ಲಿ ಒಂದು ಹಳ್ಳ ಇದೆ."

ನಾನು ಏನು ಬರೆಯಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ಹಾಕಿದೆ.

"ದಿನಾ ಹೀಗೇ ಹೊರ್ತೀಯೇನಮ್ಮಾ?"

"ಹೌದು ಸಾರ್. ಭುಜ ಬಿದ್ದುಹೋಗಿದೆ."

ಸಾಹೇಬರು ಆಕೆಯ ಕೈಯಿಂದ ತಟ್ಟೆಯನ್ನು ತಾವೇ ತೆಗೆದುಕೊಂಡರು. "ನಾಳೆನೇ ಮುಚ್ಚಿಸ್ತೀನಿ. ನನ್ನ ಮಾತು," ಎಂದರು. ನಾಟಕವಲ್ಲ, ನಾನು ಪಕ್ಕದಲ್ಲೇ ಇದ್ದೆ. ಅವತ್ತೇ ಮರಳು ತರಿಸಿ ಗೋದಾಮಿನಲ್ಲಿ ಹಾಕಿಸಿದರು. ಮೊಟ್ಟೆಯಕ್ಕ ನಮಗೆಲ್ಲ ಬೇಯಿಸಿದ ಮೊಟ್ಟೆ ಕೊಟ್ಟಳು. ತಿಂದೆವು.

ಮರುದಿನ ತುರ್ತು ಸಭೆ. ತೊಡಕು ಅಲ್ಲಿ ಎದುರಾಯಿತು. ಈ ರಸ್ತೆ ಈಗಾಗಲೇ ಹಲವು ಬಾರಿ ದುರಸ್ತಿಯಾಗಿದೆ. ಈಗ ಹಳ್ಳವನ್ನು ಮುಚ್ಚಿದರೆ ಹಿಂದಿನ ದುರಸ್ತಿಗಳಲ್ಲಿ ಮುಚ್ಚಿದ್ದು ಏನನ್ನು ಎಂದು ಯಾರಾದರೂ ಕೇಳಬಹುದು. ಅದಲ್ಲದೆ ನಿಯಮಾವಳಿಯಲ್ಲಿ ಮಾನ್ಯವಾದ ಉದ್ಗಾರಗಳು ಎರಡೇ. "ಇಲ್ಲಿ ಒಂದು ಹಳ್ಳ ಇದೆ" ಎಂಬುದು ಉದ್ಗಾರವೇ ಅಲ್ಲ, ವಾಕ್ಯ. ವಾಕ್ಯದ ಆಧಾರದ ಮೇಲೆ ಕ್ರಮ ಕೈಗೊಳ್ಳಲು ನಮಗೆ ಅಧಿಕಾರವಿಲ್ಲ. ಸಾಹೇಬರು ಸ್ವಲ್ಪ ಹೊತ್ತು ವಾದಿಸಿದರು. ಆಮೇಲೆ ಸೋಫಾದ ಮೇಲೆ ಕೂತು ಯೋಚಿಸಿದರು. ಅದು ಬಹಳ ಮೆತ್ತಗಿತ್ತು.

ಭಾವಮೈದುನನನ್ನು ಕರೆಸಿ ವಿಚಾರಿಸಲಾಯಿತು. ಅವನು ಹಿಗ್ಗಿಹೋಗಿದ್ದ. "ಭಾವ, ನಾನು ಹೇಳ್ತಿದ್ನಲ್ಲ, ಅದೇ ಇದು! ನಡುವಿಗೆ ಇಟ್ರೆ ಸುಖವೂ ಇದೆ, ಹಿಡಿತವೂ ಇದೆ. ರಸ್ತೆ ಹೇಗಿದೆಯೋ ಹಾಗೇ ಗೊತ್ತಾಗುತ್ತೆ."

"ಅದೇ ಕಣಯ್ಯಾ ತೊಂದರೆ," ಎಂದರು ಸಾಹೇಬರು, ಬೇಸರದಿಂದ.

ಅವನಿಗೆ ಅರ್ಥವಾಯಿತು. ಅವತ್ತೇ ತಿರುಪಿಗೆ ಒಂದು ಕೊಕ್ಕೆ ಬೆಸೆದು, ಎಡ ತುದಿ ಬಲ ತುದಿಗಳನ್ನು ಬಿಟ್ಟು ನಡುವೆ ಎಲ್ಲೂ ನಿಲ್ಲದಂತೆ ಮಾಡಿದ. ನಡುವಿನ ಸ್ಥಿತಿ ಸಾರ್ವಜನಿಕ ಶಾಂತಿಗೆ ಭಂಗಕರ ಎಂದು ಪ್ರಕಟಣೆ ಹೊರಟಿತು.

ಆದರೆ ಸಾಹೇಬರು ಮಾತು ಕೊಟ್ಟಿದ್ದರು, ಅದು ಅವರನ್ನು ಕೊರೆಯುತ್ತಿತ್ತು. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವರ ಹೆಂಡತಿ ಫೋನ್ ಮಾಡಿ ನನ್ನನ್ನೇ ಬೈದರು. ಕೊನೆಗೆ ಅವರೇ ದಾರಿ ಹುಡುಕಿದರು: ರಸ್ತೆಯನ್ನು ಬದಲಿಸಲಾಗದಿದ್ದರೆ ಗಾಡಿಯನ್ನು ಬದಲಿಸಬಹುದು. ಮೊಟ್ಟೆಯಕ್ಕನ ಗಾಡಿಗೆ ಕಚೇರಿಯ ವತಿಯಿಂದ ಅತಿ ಮೆತ್ತನೆ ಸ್ಪ್ರಿಂಗು ಹಾಕಿಸಲಾಯಿತು. ಗಾಡಿ ಹಳ್ಳಕ್ಕಿಳಿದು ಹಂಸದ ಹಾಗೆ ಮೇಲೆದ್ದಿತು. ಒಂದು ಮೊಟ್ಟೆಗೂ ಬಿರುಕಿಲ್ಲ. ಅವಳು ಗಲ್ಲಕ್ಕೆ ಕೈಯಿಟ್ಟುಕೊಂಡು ಅತ್ತಳು.

ಟ್ಯಾಂಕಿನ ತಿರುವಿನಲ್ಲಿ ಗಾಡಿ ಮಗುಚಿತು.

ಇದಕ್ಕೂ ಪರಿಹಾರವಿತ್ತು. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲಿದಾಗ ಇನ್ನೊಂದು ಕಡೆಗೆ ಜೋತುಬೀಳುವ ಒಬ್ಬ ಮನುಷ್ಯ ಬೇಕು. "ವಾಲು ಸಹಾಯಕ" ಎಂಬ ಹುದ್ದೆಯನ್ನು ಸೃಷ್ಟಿಸಿ, ಕಾರ್ಖಾನೆ ಮುಚ್ಚಿದಾಗಿನಿಂದ ಮನೆಯಲ್ಲಿ ಕೂತಿದ್ದ ಮೊಟ್ಟೆಯಕ್ಕನ ಗಂಡನನ್ನೇ ನೇಮಿಸಿದೆವು. ಖಾಕಿ ಅಂಗಿ, ಸೀಟಿ, ತಿಂಗಳ ಸಂಬಳ. ಆತ ಕೆಲಸದಲ್ಲಿ ಎಷ್ಟು ಶ್ರದ್ಧೆ ತೋರಿದನೆಂದರೆ ಮೊದಲ ದಿನವೇ ಬೇಕಾದ್ದಕ್ಕಿಂತ ಹೆಚ್ಚು ಜೋತುಬಿದ್ದು ಗಾಡಿಯನ್ನು ತನ್ನ ಕಡೆಗೇ ಮಗುಚಿದ. ಮೊಟ್ಟೆಯೆಲ್ಲ ಹೋಯಿತು. ಆಸ್ಪತ್ರೆಯವರು ಬರಬೇಡ ಎಂದರು.

ಸಾಹೇಬರ ಮುಖ ಬಾಡಿತು. ಆಕೆ ಜಗಳಕ್ಕೆ ಬರುತ್ತಾಳೆಂದು ನಾವು ಕಾದೆವು. ಬಂದಳು, ಗಂಡನ ಜೊತೆಗೆ. ಗಂಡನ ಖಾಕಿ ಅಂಗಿಗೆ ಇಸ್ತ್ರಿ ಮಾಡಿದ್ದಳು.

"ಮೊಟ್ಟೆ ವ್ಯಾಪಾರ ನಿಲ್ಲಿಸಿಬಿಟ್ಟೆ ಸಾರ್."

"ಅಯ್ಯೋ ಪಾಪ. ಈಗ ಗಾಡಿ?"

"ಗಾಡಿ ಓಡಿಸ್ತೀನಲ್ಲ! ದಿನಾ ಬೆಳಿಗ್ಗೆ ಅದೇ ದಾರಿ. ಗಾಡಿ ಓಡದಿದ್ರೆ ಇವರು ಎಲ್ಲಿ ವಾಲ್ತಾರೆ? ಕೆಲಸ ಹೋಗಲ್ವಾ? ಇವರ ಸಂಬಳದಲ್ಲಿ ಮನೆ ನಡೀತಿದೆ, ನನಗೆ ತಟ್ಟೆ ಹೊರೋ ಕಷ್ಟ ತಪ್ಪಿತು." ಆಕೆ ಗಂಡನ ಅಂಗಿಯ ಕಾಲರು ಸರಿಪಡಿಸಿದಳು. "ಒಂದೇ ತೊಂದರೆ ಸಾರ್. ಖಾಲಿ ಗಾಡಿ ಹಗುರ, ಸರಿಯಾಗಿ ವಾಲೋದೇ ಇಲ್ಲ. ಇವರಿಗೆ ಕೆಲಸ ಮಾಡಿದ ತೃಪ್ತಿ ಸಿಗ್ತಿಲ್ಲ."

ಗಂಡ ತಲೆ ತಗ್ಗಿಸಿ ಹೌದೆಂದ.

ಸಾಹೇಬರು ನನ್ನ ಕಡೆ ನೋಡಿದರು. ರಸ್ತೆಗೆಂದು ತರಿಸಿದ ಮರಳು ಗೋದಾಮಿನಲ್ಲಿ ಹಾಗೇ ಬಿದ್ದಿತ್ತು. ಅದನ್ನು ಚೀಲಗಳಿಗೆ ತುಂಬಿಸಿ ಗಾಡಿಗೆ ಹೇರಿಸಿಕೊಟ್ಟೆವು. ಇಬ್ಬರೂ ಬಹಳ ಉಪಕಾರವಾಯಿತೆಂದು ಹೇಳಿ, ಆಕೆ ತುಳಿಯುತ್ತಾ ಆತ ಸೀಟಿ ಊದುತ್ತಾ, ಆಸ್ಪತ್ರೆ ರಸ್ತೆಯ ಕಡೆಗೆ ಹೊರಟರು.