ಹರಿಗೋಲಿಗೆ ನಾನು ಬರೆದ ಬಾಣ

ಮೂವತ್ತು ವರ್ಷ ಹುಡುಗರನ್ನು ಸಾಲಾಗಿ ನಿಲ್ಲಿಸಿದ ಡ್ರಿಲ್ ಮೇಷ್ಟ್ರಿಗೆ ಒಂದು ಹರಿಗೋಲು ಯಾವ ಲೆಕ್ಕ! ನಿವೃತ್ತಿಯಾದ ಮರುವಾರವೇ, ಶ್ರೀರಂಗಪಟ್ಟಣದ ನಮ್ಮ ಮನೆಯ ಹಿಂದಿನ ಕಾವೇರಿಯಲ್ಲಿ ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ಹರಿಗೋಲು ನಡೆಸತಕ್ಕದ್ದೆಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ.

ಮೊದಲ ವರ್ಷ ನನ್ನ ಸಲಕರಣೆ ಎರಡೇ: ಅಂಬಿಗ ಕೆಂಪಯ್ಯ ಕೊಟ್ಟ ಹಳೆಯ ಹರಿಗೋಲು, ಒಂದು ಹುಟ್ಟು. ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹುಟ್ಟನ್ನು ಎದುರಿಗೆ ಹಾಕಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವುದನ್ನು ಅವನೇ ಕಲಿಸಿದ. ಹರಿಗೋಲು ಸಾಗುತ್ತಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಬುಟ್ಟಿಯಂತೆ ಗುಂಡಗಿರುವ ಈ ವಾಹನಕ್ಕೆ ಮುಂದು ಯಾವುದು, ಹಿಂದು ಯಾವುದು? ಒಳಬದಿಗೆ ಬಿಳಿ ಬಾಣ ಬರೆದು ಮುಂದನ್ನು ನಿಗದಿಪಡಿಸಿದೆ. ಕುಕ್ಕರಗಾಲು ಶಿಸ್ತಿಗೆ ವಿರೋಧವೆಂದು ಪಾಂಡವಪುರದ ಬಡಗಿಯಿಂದ ಕುರ್ಚಿ ಮಾಡಿಸಿ ಹಿಂಬದಿಗೆ ಕಟ್ಟಿದೆ. ಬೇಡದ ಸಾಮಾನು ಒಂಟಿಯಾಗಿ ಬರುವುದಿಲ್ಲ, ನೆಂಟರನ್ನೂ ಕರೆತರುತ್ತದೆ. ಕುರ್ಚಿಯ ಭಾರಕ್ಕೆ ಹರಿಗೋಲು ವಾಲಿತು. ಮುಳುಗಿದರೆ? ಕೃಷ್ಣರಾಜಪೇಟೆಯ ಲಾರಿ ಶೆಡ್ಡಿನಿಂದ ಟ್ಯೂಬು ಬಂತು. ಹಿಂದೆ ಕೂತು ಹುಟ್ಟು ಹಾಕಿದರೆ ಹರಿಗೋಲು ಬುಗುರಿಯಂತೆ ತಿರುಗುತ್ತಿತ್ತು. ನಿಲ್ಲಿಸಲು ನಾಗಮಂಗಲದ ಕಮ್ಮಾರನಿಂದ ಲಂಗರು ಬಂತು. ಅಪಾಯ ಸಾರುವ ಸೀಟಿ ಕೊರಳಲ್ಲೇ ಇತ್ತು. ದಿನಾ ಬೆಳಿಗ್ಗೆ ಮೂರು ಸಲ ಊದಿ ಪರೀಕ್ಷಿಸುತ್ತಿದ್ದೆ.

“ಉಟ್ಟಾಕೋನು ಎತ್ತಗೆ ಕೂರ್ತಾನೋ ಅದೇಯ ಮುಂದು, ಮೇಷ್ಟ್ರೇ,” ಎಂದ ಕೆಂಪಯ್ಯ. ಓದದವನು, ಇವನಿಗೇನು ಗೊತ್ತು ಎಂದುಕೊಂಡೆ.

ಮೂರನೆಯ ಬೇಸಿಗೆಗೆ ಆಚೆ ದಡದಲ್ಲಿ ನನ್ನ ಭಾವಮೈದನ ಗೃಹಪ್ರವೇಶ. ಹೊಸ ಒಲೆಯಲ್ಲಿ ಉಕ್ಕಿಸುವ ಹಾಲು ಅಕ್ಕನ ಮನೆಯ ಹಸುವಿನದೇ ಆಗಬೇಕೆಂದು ಅವನ ಆಸೆ. ಎಂಟೂವರೆಯ ಮುಹೂರ್ತಕ್ಕೆ ತರುತ್ತೇನೆಂದು ನನ್ನ ಹೆಂಡತಿ ಪುಟ್ಟಮ್ಮ ತವರಿನವರ ಮುಂದೆ ಮಾತು ಕೊಟ್ಟಿದ್ದಳು. ಹಾಲು ನನ್ನ ಹರಿಗೋಲಿನಲ್ಲೇ ಹೋಗತಕ್ಕದ್ದೆಂದು ನಾನು ಆಜ್ಞೆ ಹೊರಡಿಸಿದೆ.

ಪುಟ್ಟಮ್ಮ ನನ್ನ ಸಾಮಾನುಗಳನ್ನು ನೋಡಿದಳು. “ವೊಳೆ ದಾಟಕ್ಕೊಯ್ತಿದ್ದೀರೋ, ಮನೆ ಖಾಲಿ ಮಾಡ್ತಿದ್ದೀರೋ? ನನ್ ಮಾನ ಆ ಪಾತ್ರೇಲದೆ, ಉಸಾರು.” ಹೀಗೆಂದು ತಾನು ಕೆಂಪಯ್ಯನ ಹರಿಗೋಲು ಹತ್ತಿದಳು. ಅದರಲ್ಲಿ ಒಂದು ಹುಟ್ಟು ಬಿಟ್ಟರೆ ಏನೂ ಇರಲಿಲ್ಲ. ಕನಿಕರಪಟ್ಟೆ.

ನಡುಹೊಳೆಯಲ್ಲಿ ನನ್ನ ಹರಿಗೋಲು ತಿರುಗತೊಡಗಿತು. ಬಾಣ ಒಮ್ಮೆ ಭಾವಮೈದನ ಮನೆಯನ್ನು ತೋರಿಸಿತು, ಒಮ್ಮೆ ನಮ್ಮ ಮನೆಯನ್ನು. ಲಂಗರು ಎಸೆದೆ. ಅದು ಬಂಡೆಗೆ ಸಿಕ್ಕಿ ಹಗ್ಗ ಬಿಗಿಯಿತು, ಹರಿಗೋಲು ವಾಲಿತು, ಕುರ್ಚಿಯ ಕಾಲು ತಳದ ಚರ್ಮವನ್ನು ತೂರಿ ಹೊರಗೆ ಹೋಯಿತು. ನೀರು ಒಳಗೆ ಬಂತು. ಎಲ್ಲವೂ ಕ್ರಮಪ್ರಕಾರ! ಮೂರು ಸಲ ಸೀಟಿ ಊದಿದೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ದಿನಾ ಕೇಳುವ ಸೀಟಿ ತಾನೆ.

ಇದ್ದದ್ದು ಒಂದೇ ಟ್ಯೂಬು. ಹೆಂಡತಿಯ ಮಾನ ನೆನಪಾಗಿ, ಬಾಯಿಗೆ ಬಟ್ಟೆ ಬಿಗಿದಿದ್ದ ಹಾಲಿನ ಪಾತ್ರೆಯನ್ನು ಅದರಲ್ಲಿ ಕೂರಿಸಿ ತೇಲಿಬಿಟ್ಟೆ. ನಾನು ಕುರ್ಚಿಯನ್ನು ತಬ್ಬಿಕೊಂಡು, ಎರಡು ವರ್ಷ ತಿರಸ್ಕರಿಸಿದ್ದ ಕುಕ್ಕರಗಾಲಿನಲ್ಲೇ ಕೂತು ದೇವರನ್ನು ಕರೆದೆ.

ಮುಂದೆ ಹೋಗಿದ್ದ ಕೆಂಪಯ್ಯ ತಿರುಗಿ ಬಂದ. “ಮೊದ್ಲು ಪಾತ್ರೆ ಇಡ್ಕೊ,” ಎಂದಳು ಪುಟ್ಟಮ್ಮ.

ಅವನು ಪಾತ್ರೆಯನ್ನೂ ಟ್ಯೂಬನ್ನೂ ಎತ್ತಿಕೊಂಡು, ಆಮೇಲೆ ನನ್ನತ್ತ ನೋಡಿದ. “ಕುರ್ಚಿ ಬುಟ್ಬುಟ್ಟು ಎದ್ ನಿಂತ್ಕಳಿ ಮೇಷ್ಟ್ರೇ. ಸೊಂಟದುದ್ದ ನೀರದೆ.”

ನಿಂತೆ. ಸೊಂಟದುದ್ದವೂ ಇರಲಿಲ್ಲ.

ಹಾಲು ಮುಹೂರ್ತಕ್ಕೆ ಸರಿಯಾಗಿ ಉಕ್ಕಿತಂತೆ. ಅದನ್ನು ಕಾಪಾಡಿದ ಟ್ಯೂಬಿಗೆ ಕುಂಕುಮ ಹಚ್ಚಿ ಮುಂಬಾಗಿಲಿನಿಂದಲೇ ಒಳಗೆ ಒಯ್ದಿದ್ದರು. ನಾನು ಹೊಳೆಯನ್ನು ನಡೆದೇ ದಾಟಿ, ಮೈಯೆಲ್ಲ ಕೆಸರಾಗಿ, ಅರ್ಧ ಗಂಟೆ ತಡವಾಗಿ ತಲುಪಿದೆ. ಭಾವಮೈದ ಬಾಗಿಲಿಗೆ ಅಡ್ಡ ಬಂದು ನಿಂತ. “ವಸಾ ನೆಲ ಭಾವ. ಇಂದ್ಗಡೆ ಬಾಗ್ಲಿಂದ ಬನ್ನಿ.”

ಹೋದೆ. ಹಿಂದು ಯಾವುದೆಂದು ಕೊನೆಗೂ ಬಾಣವಿಲ್ಲದೆಯೇ ತಿಳಿಯಿತು.